ಕೈ ಕಟ್ಟಿ ನಿಲ್ಲುವುದು ಬೇಡ, ಕೈ ಇಡೋಣ
(ಆರೋಗ್ಯ ಪಾಠ: ಆಂಬ್ಯುಲೆನ್ಸ್ ಬರುವ ತನಕ ಪ್ರಾಣ ಹಿಡಿದಿಡುವ ಬಗೆ)



ಸಂಘದ ಸಭೆಗಳಲ್ಲಿ ನಾವು ಉಳಿತಾಯ, ಸಾಲ, ಮಕ್ಕಳ ಓದು, ಕುಡಿಯುವ ನೀರು, ರೇಷನ್ ಕಾರ್ಡು ಎಲ್ಲದರ ಬಗ್ಗೆ ಮಾತನಾಡುತ್ತೇವೆ. ಈ ಸಲದ ಪಾಠ ಸ್ವಲ್ಪ ಬೇರೆ. ನಮ್ಮ ಕಣ್ಣೆದುರೇ ಒಬ್ಬರು ಕುಸಿದು ಬಿದ್ದು ಉಸಿರು ನಿಂತುಹೋದರೆ, ಆಂಬ್ಯುಲೆನ್ಸ್ ಬರುವ ತನಕ ನಾವು ಏನು ಮಾಡಬೇಕು ಎಂಬುದೇ ಈ ಪಾಠ. ಆಸ್ಪತ್ರೆಯವರು ಇದನ್ನು ಸಿ.ಪಿ.ಆರ್. ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಎದೆ ಒತ್ತಿ ಪ್ರಾಣ ಹಿಡಿದಿಡುವುದು.

ಪಾಠಕ್ಕೆ ಮೊದಲು ಒಂದು ಘಟನೆ ಹೇಳಬೇಕು. 2013ರ ಮಳೆಗಾಲ. ಒಂದು ಹಳ್ಳಿಯ ಅಂಗನವಾಡಿಯಲ್ಲಿ ಸಂಘದ ಸಭೆ ನಡೆಯುತ್ತಿತ್ತು. ನಾವೂ ಹೋಗಿದ್ದೆವು. ನಾಟಿ ಕೆಲಸ ಮುಗಿಸಿ ಬಂದಿದ್ದ ಒಬ್ಬ ಸದಸ್ಯೆ, ನಲವತ್ತೆಂಟು ವರ್ಷ ಇರಬಹುದು, "ಯಾಕೋ ಎದೆ ಭಾರ ಆಗ್ತಿದೆ ಸಿಸ್ಟರ್, ಗ್ಯಾಸು ಇರ್ಬೇಕು" ಅಂದರು. ಸಾಲದ ಕಂತು ಕಟ್ಟಿ, ಪುಸ್ತಕಕ್ಕೆ ಸಹಿ ಹಾಕಲು ಎದ್ದವರು ಅಲ್ಲೇ ಕುಸಿದು ಬಿದ್ದರು.

ಆಮೇಲೆ ಆದದ್ದು ನಿಮಗೆಲ್ಲ ಗೊತ್ತಿರುವಂಥದ್ದೇ. ಒಬ್ಬರು ಮುಖಕ್ಕೆ ನೀರು ಚಿಮುಕಿಸಿದರು. ಒಬ್ಬರು ಅಂಗಾಲು ತಿಕ್ಕಿದರು. ಫಿಟ್ಸ್ ಇರಬೇಕು ಎಂದು ಮತ್ತೊಬ್ಬರು ಕೈಗೆ ಬೀಗದ ಕೈ ಗೊಂಚಲು ಕೊಟ್ಟರು. ಇನ್ನೊಬ್ಬರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು. ಬಾಗಿಲಲ್ಲಿ ಏಳೆಂಟು ಗಂಡಸರು ಬಂದು ನಿಂತರು. ಅವರಲ್ಲಿ ಒಬ್ಬರೂ ಒಳಗೆ ಕಾಲಿಡಲಿಲ್ಲ. "ಹೆಂಗಸರ ವಿಷಯ, ನೀವೇ ನೋಡ್ಕೊಳ್ಳಿ, ನಾವು ಗಾಡಿ ತರ್ತೀವಿ" ಅಂದರು. ಬಿದ್ದವರು ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಉಸಿರು ಎಳೆಯುತ್ತಿದ್ದರು. ಅದನ್ನು ನೋಡಿ ನಾವು, "ಉಸಿರಾಡ್ತಿದ್ದಾರೆ, ಏನೂ ಆಗಲ್ಲ" ಎಂದು ಎಲ್ಲರಿಗೂ ಧೈರ್ಯ ಹೇಳಿದೆವು. ಜೀಪು ಬರುವಾಗ ಇಪ್ಪತ್ತೈದು ನಿಮಿಷ ಆಗಿತ್ತು.

ಆಸ್ಪತ್ರೆಯಲ್ಲಿ ವೈದ್ಯರು ಪರೀಕ್ಷೆ ಮಾಡಿ, ನಮ್ಮ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದರು: "ಅಲ್ಲಿ ಯಾರಾದ್ರೂ ಎದೆ ಒತ್ತಿದ್ರಾ?"

ನಾವು ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದವರು. ಹತ್ತಾರು ಆರೋಗ್ಯ ಶಿಬಿರ ನಡೆಸಿದವರು. ಆದರೆ ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಇರಲಿಲ್ಲ. ಒತ್ತಿದ್ದರೆ ಖಂಡಿತ ಬದುಕುತ್ತಿದ್ದರು ಎಂದು ವೈದ್ಯರೂ ಹೇಳಲಿಲ್ಲ. ಆದರೆ ಅವರಿಗೆ ಸಿಗಬಹುದಾಗಿದ್ದ ಒಂದೇ ಒಂದು ಅವಕಾಶವನ್ನು, ಹದಿನೆಂಟು ಹೆಂಗಸರಿದ್ದ ಆ ಕೋಣೆಯಲ್ಲಿ ನಾವು ಯಾರೂ ಕೊಡಲಿಲ್ಲ. ಆ ವರ್ಷವೇ ನಾವು ಈ ತರಬೇತಿ ಪಡೆದೆವು. ಅಂದಿನಿಂದ ಹೋದಲ್ಲೆಲ್ಲ ಇದನ್ನು ಹೇಳುತ್ತಾ ಬಂದಿದ್ದೇವೆ.

ಹೃದಯ ನಿಂತಾಗ ಏನಾಗುತ್ತದೆ?

ಹೃದಯಾಘಾತ ಮತ್ತು ಹೃದಯ ಸ್ತಂಭನ, ಇವೆರಡೂ ಒಂದೇ ಎಂದು ಅನೇಕರು ತಿಳಿದಿದ್ದಾರೆ. ಅಲ್ಲ. ನಮ್ಮ ತೋಟದ ಪಂಪ್‌ಸೆಟ್ಟನ್ನೇ ನೆನಪಿಸಿಕೊಳ್ಳಿ. ಪೈಪಿನಲ್ಲಿ ಕಸ ಕಟ್ಟಿಕೊಂಡರೆ ಮೋಟಾರು ಓಡುತ್ತಿರುತ್ತದೆ, ಆದರೆ ಒಂದು ಕಡೆಗೆ ನೀರು ಹೋಗುವುದಿಲ್ಲ. ಹೃದಯಾಘಾತ ಇದೇ ರೀತಿ. ಹೃದಯಕ್ಕೆ ರಕ್ತ ಕೊಡುವ ನಾಳ ಕಟ್ಟಿಕೊಂಡಿರುತ್ತದೆ. ಆಗ ರೋಗಿಗೆ ಎಚ್ಚರ ಇರಬಹುದು, ಮಾತನಾಡಬಹುದು. ಅವರನ್ನು ಕೂರಿಸಿ, ನಡೆಸದೆ, ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ಅವರ ಎದೆ ಒತ್ತಬಾರದು.

ಹೃದಯ ಸ್ತಂಭನ ಎಂದರೆ ಮೋಟಾರೇ ನಿಂತುಹೋದ ಹಾಗೆ. ಮನುಷ್ಯ ಕುಸಿದು ಬೀಳುತ್ತಾನೆ, ಕರೆದರೆ ಓಗೊಡುವುದಿಲ್ಲ, ಸರಿಯಾದ ಉಸಿರು ಇರುವುದಿಲ್ಲ. ಹೃದಯಾಘಾತವೇ ಮುಂದುವರಿದು ಸ್ತಂಭನ ಆಗಬಹುದು. ಕರೆಂಟ್ ಹೊಡೆದು, ನೀರಿನಲ್ಲಿ ಮುಳುಗಿ, ಉಸಿರು ಕಟ್ಟಿ ಕೂಡ ಆಗಬಹುದು.

ಮೆದುಳಿಗೆ ರಕ್ತ ಹೋಗುವುದು ನಿಂತ ನಾಲ್ಕೈದು ನಿಮಿಷದಲ್ಲೇ ಅದು ಹಾಳಾಗಲು ಶುರುವಾಗುತ್ತದೆ. ಏನೂ ಮಾಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಅವಕಾಶ ನೂರಕ್ಕೆ ಏಳರಿಂದ ಹತ್ತರಷ್ಟು ಕಡಿಮೆಯಾಗುತ್ತಾ ಹೋಗುತ್ತದೆ. ಕರೆಂಟ್ ಇಲ್ಲದಾಗ ನಾವು ಬೋರ್‌ವೆಲ್ಲಿನ ಕೈಪಂಪು ಒತ್ತಿ ಕೊಡ ತುಂಬಿಸುತ್ತೇವಲ್ಲ, ಎದೆ ಒತ್ತುವುದೂ ಅದೇ ಕೆಲಸ. ನಮ್ಮ ಕೈ ಒತ್ತಿದಾಗ ಹೃದಯದಲ್ಲಿರುವ ರಕ್ತ ಮೆದುಳಿಗೆ ಹೋಗುತ್ತದೆ. ಕೈ ಬಿಟ್ಟಾಗ ಹೃದಯ ಮತ್ತೆ ತುಂಬಿಕೊಳ್ಳುತ್ತದೆ. ಇದರಿಂದ ನಿಂತ ಹೃದಯ ತಾನಾಗಿ ಓಡಲಿಕ್ಕಿಲ್ಲ. ಆದರೆ ಆಂಬ್ಯುಲೆನ್ಸ್ ಬರುವ ತನಕ ಮೆದುಳು ಸಾಯದಂತೆ ಕಾಯುತ್ತದೆ. ತಕ್ಷಣ ಎದೆ ಒತ್ತಿದರೆ ಬದುಕುವ ಸಾಧ್ಯತೆ ಎರಡು ಮೂರು ಪಟ್ಟು ಹೆಚ್ಚಬಹುದು.

ನಮ್ಮ ರಾಜ್ಯದಲ್ಲಿ 108 ಆಂಬ್ಯುಲೆನ್ಸ್ ಸೇವೆ 2008ರ ನವೆಂಬರ್‌ನಲ್ಲಿ ಆರಂಭವಾಯಿತು. ಅದರಿಂದ ಎಷ್ಟೋ ಜೀವ ಉಳಿದಿದೆ. ಆದರೆ ಗುಡ್ಡದಾಚೆಯ ಮನೆಗೆ, ಮಳೆಗಾಲದ ಮಣ್ಣು ರಸ್ತೆಯಲ್ಲಿ, ಐದು ನಿಮಿಷಕ್ಕೆ ಯಾವ ವಾಹನ ತಾನೇ ಬಂದೀತು? ಆ ಮೊದಲ ನಿಮಿಷಗಳು ಡಾಕ್ಟರರ ಕೈಯಲ್ಲಿ ಇಲ್ಲ. ಪಕ್ಕದಲ್ಲಿ ಇದ್ದವರ ಕೈಯಲ್ಲಿವೆ.

ಇದು ಡಾಕ್ಟರರ ಕೆಲಸ ಅಲ್ಲವೇ?

ಅಲ್ಲ. 1960ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಮೂವರು, ಎದೆ ಕೊಯ್ಯದೆ ಹೊರಗಿನಿಂದಲೇ ಒತ್ತಿ ರಕ್ತ ಓಡಿಸಬಹುದು ಎಂದು ಲೋಕಕ್ಕೆ ತಿಳಿಸಿದರು. ಅವರಲ್ಲಿ ಒಬ್ಬರಾದ ವಿಲಿಯಂ ಕೌವೆನ್‌ಹೋವೆನ್ ವೈದ್ಯರೇ ಅಲ್ಲ, ಎಲೆಕ್ಟ್ರಿಕಲ್ ಎಂಜಿನಿಯರ್! ಇದಕ್ಕೆ ಬೇಕಾದದ್ದು ಎರಡು ಕೈ ಮಾತ್ರ, ಯಾರು ಬೇಕಾದರೂ ಎಲ್ಲಿ ಬೇಕಾದರೂ ಮಾಡಬಹುದು ಎಂಬುದು ಅವರ ಮಾತಿನ ಸಾರಾಂಶ. ನಮ್ಮ ದೇಶದ ಅರಿವಳಿಕೆ ತಜ್ಞರ ಸಂಘವೂ 2017ರಲ್ಲಿ ಸಾಮಾನ್ಯ ಜನರಿಗೆಂದೇ, ಬಾಯಿಗೆ ಬಾಯಿ ಇಟ್ಟು ಉಸಿರು ಕೊಡದೆ ಬರೀ ಎದೆ ಒತ್ತುವ ಸರಳ ವಿಧಾನವನ್ನು ಪ್ರಕಟಿಸಿತು. ಓದು ಬರಹ ಬರದಿದ್ದರೂ ಇದನ್ನು ಕಲಿಯಬಹುದು. ನಮ್ಮ ಸಂಘಗಳಲ್ಲಿ ಹೆಬ್ಬೆಟ್ಟು ಒತ್ತುವ ಅಜ್ಜಿಯಂದಿರು ನಮಗಿಂತ ಚೆನ್ನಾಗಿ ಒತ್ತಿ ತೋರಿಸಿದ್ದಾರೆ!

ಮಾಡುವ ಕ್ರಮ

1. ಮೊದಲು ಸುತ್ತ ನೋಡಿ. ಕರೆಂಟ್ ತಂತಿ, ವಾಹನ, ಬೆಂಕಿ ಏನಾದರೂ ಇದೆಯೇ? ಉಳಿಸಲು ಹೋದವರೂ ಬಿದ್ದರೆ ಎರಡು ಹೆಣ ಎತ್ತಬೇಕಾಗುತ್ತದೆ.

2. ಎರಡೂ ಭುಜ ತಟ್ಟಿ ಗಟ್ಟಿಯಾಗಿ ಕರೆಯಿರಿ. "ಅಕ್ಕಾ, ಅಕ್ಕಾ, ಕೇಳ್ತದಾ?" ಎನ್ನಿ. ಕಣ್ಣು ತೆರೆಯದಿದ್ದರೆ, ಅಲುಗಾಡದಿದ್ದರೆ ಮುಂದಿನ ಕೆಲಸ.

3. ಸಹಾಯಕ್ಕೆ ಕೂಗಿ. "ಯಾರಾದ್ರೂ ಫೋನ್ ಮಾಡಿ" ಎಂದರೆ ಯಾರೂ ಮಾಡುವುದಿಲ್ಲ. ಒಬ್ಬರ ಹೆಸರು ಹಿಡಿದು, "ನೀನು 108ಕ್ಕೆ ಫೋನ್ ಮಾಡು, ನೀನು ಹೋಗಿ ರಸ್ತೆ ತಿರುವಿನಲ್ಲಿ ನಿಲ್ಲು" ಎಂದು ಹೇಳಿ. 108 ಸಿಗದಿದ್ದರೆ 112. ಊರು, ಬೀದಿ, ಹತ್ತಿರದ ಶಾಲೆ ಅಥವಾ ಡೇರಿ ಯಾವುದಾದರೂ ಗುರುತು ತಿಳಿಸಿ. ಒಬ್ಬರೇ ಇದ್ದರೆ ಫೋನನ್ನು ಸ್ಪೀಕರಿಗೆ ಹಾಕಿ ನೆಲದ ಮೇಲಿಟ್ಟು ಕೆಲಸ ಶುರು ಮಾಡಿ.

4. ಹತ್ತು ಸೆಕೆಂಡಿನೊಳಗೆ ಉಸಿರು ನೋಡಿ. ಎದೆ ಏರಿಳಿಯುತ್ತಿದೆಯೇ? ನಾಡಿ ಹುಡುಕುತ್ತಾ ಕೂರಬೇಡಿ. ಇಲ್ಲಿ ಒಂದು ಮುಖ್ಯ ವಿಷಯ. ನೀರಿನಿಂದ ತೆಗೆದ ಮೀನು ಬಾಯಿ ತೆರೆದು ಮುಚ್ಚುವ ಹಾಗೆ ಆಗೊಮ್ಮೆ ಈಗೊಮ್ಮೆ ಗೊರಗೊರ ಎಂದು ಎಳೆಯುವುದು ಉಸಿರಲ್ಲ. 2013ರಲ್ಲಿ ನಾವು ಮೋಸಹೋದದ್ದು ಇದರಲ್ಲೇ. ಹಾಗಿದ್ದರೆ ಉಸಿರು ಇಲ್ಲ ಎಂದೇ ತಿಳಿದು ಒತ್ತಲು ಆರಂಭಿಸಬೇಕು.

5. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಹಾಸಿಗೆ, ಹಗ್ಗದ ಮಂಚ ಆಗದು. ಒತ್ತಿದ ಬಲವೆಲ್ಲ ಹಾಸಿಗೆಗೇ ಹೋಗುತ್ತದೆ.

6. ಪಕ್ಕದಲ್ಲಿ ಮಂಡಿಯೂರಿ ಕುಳಿತು, ನಿಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಒಂದು ಅಂಗೈಯ ಹಿಮ್ಮಡಿಯನ್ನು, ಅಂದರೆ ಮಣಿಕಟ್ಟಿನ ಹತ್ತಿರದ ಗಟ್ಟಿ ಭಾಗವನ್ನು, ಎದೆಯ ನಡುವೆ, ಎದೆ ಮೂಳೆಯ ಕೆಳ ಅರ್ಧದ ಮೇಲೆ ಇಡಿ. ಎಡಕ್ಕಲ್ಲ, ಹೊಟ್ಟೆಯ ಮೇಲಲ್ಲ. ಅದರ ಮೇಲೆ ಇನ್ನೊಂದು ಕೈ ಇಟ್ಟು ಬೆರಳು ಹೆಣೆದುಕೊಳ್ಳಿ.

7. ಮೊಣಕೈ ಮಡಚದೆ, ನಿಮ್ಮ ಭುಜ ನಿಮ್ಮ ಕೈಯ ನೇರಕ್ಕೆ ಬರುವಂತೆ ಬಾಗಿ, ಮೈಭಾರ ಹಾಕಿ ಒತ್ತಿ. ತೋಳಿನ ಬಲದಿಂದ ಒತ್ತಿದರೆ ಒಂದು ನಿಮಿಷಕ್ಕೇ ಸುಸ್ತಾಗುತ್ತೀರಿ. ದೊಡ್ಡವರ ಎದೆ 5 ಸೆಂಟಿಮೀಟರ್ ಅಂದರೆ ಸುಮಾರು ಎರಡು ಇಂಚು ಇಳಿಯಬೇಕು, 6 ದಾಟಬಾರದು. ಪ್ರತಿ ಸಲವೂ ಎದೆ ಪೂರ್ತಿ ಮೇಲೆ ಬರಲು ಬಿಡಿ.

8. ವೇಗ ನಿಮಿಷಕ್ಕೆ 100ರಿಂದ 120. ಮೂವತ್ತು ಎಣಿಸುವಷ್ಟರಲ್ಲಿ ಗಡಿಯಾರದಲ್ಲಿ 15ರಿಂದ 18 ಸೆಕೆಂಡು ಆಗಿರಬೇಕು. ಗಟ್ಟಿಯಾಗಿ ಎಣಿಸಿ. ಎಣಿಕೆ ನಿಮಗೂ ಧೈರ್ಯ, ಸುತ್ತಲಿದ್ದವರಿಗೂ ಧೈರ್ಯ.

9. ಎರಡು ನಿಮಿಷಕ್ಕೊಮ್ಮೆ ಕೈ ಬದಲಾಯಿಸಿ. ಒಬ್ಬರು ಬಿಟ್ಟ ಕೂಡಲೇ ಇನ್ನೊಬ್ಬರು ಹಿಡಿಯಬೇಕು. ನಡುವೆ ಹತ್ತು ಸೆಕೆಂಡಿಗಿಂತ ಹೆಚ್ಚು ಬಿಡುವು ಬೇಡ. ಇಲ್ಲೇ ನೋಡಿ ಸಂಘದ ಬಲ! ಒಬ್ಬಳೇ ಹತ್ತು ನಿಮಿಷ ಒತ್ತಲಾರಳು, ನಾಲ್ಕು ಜನ ಸೇರಿದರೆ ಅರ್ಧ ಗಂಟೆ ಒತ್ತಬಹುದು.

10. ರೋಗಿ ಅಲುಗಾಡಿ, ಸರಿಯಾಗಿ ಉಸಿರಾಡುವ ತನಕ, ಅಥವಾ ಆಂಬ್ಯುಲೆನ್ಸಿನವರು ಬಂದು ವಹಿಸಿಕೊಳ್ಳುವ ತನಕ ನಿಲ್ಲಿಸಬೇಡಿ. ಉಸಿರು ಮರಳಿದರೆ ಮೆಲ್ಲಗೆ ಮಗ್ಗುಲಿಗೆ ಹೊರಳಿಸಿ, ಬಾಯಿಯಿಂದ ನೀರು, ವಾಂತಿ ಹೊರಗೆ ಹರಿಯುವಂತೆ ಮಲಗಿಸಿ, ಉಸಿರನ್ನು ಗಮನಿಸುತ್ತಾ ಕೂರಿ.

ವಿಮಾನ ನಿಲ್ದಾಣ, ಮೆಟ್ರೋ ಮುಂತಾದ ಕೆಲವು ಕಡೆ ಗೋಡೆಯ ಪೆಟ್ಟಿಗೆಯಲ್ಲಿ ಎ.ಇ.ಡಿ. ಎಂಬ ಯಂತ್ರ ಇರುತ್ತದೆ. ಅದನ್ನು ತೆರೆದರೆ ಅದೇ ಮಾತನಾಡಿ, ಏನು ಮಾಡಬೇಕೆಂದು ಹೇಳುತ್ತದೆ. ಹೃದಯದ ಲಯ ತಪ್ಪಿದ್ದರೆ ಶಾಕ್ ಕೊಟ್ಟು ಸರಿಪಡಿಸುವ ಯಂತ್ರ ಅದು. ಎಲ್ಲಾದರೂ ಕಂಡರೆ ತರಿಸಿ, ಅದು ಹೇಳಿದಂತೆ ಮಾಡಿ.

ಬಾಯಿಯಿಂದ ಉಸಿರು ಕೊಡುವುದು

ತರಬೇತಿ ಪಡೆದವರು 30 ಸಲ ಒತ್ತಿ, 2 ಸಲ ಉಸಿರು ಕೊಡುತ್ತಾರೆ. ಹಣೆ ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ, ಮೂಗು ಮುಚ್ಚಿ, ಎದೆ ಮೇಲೇಳುವಷ್ಟು ಒಂದು ಸೆಕೆಂಡು ಊದಬೇಕು. ಕಲಿಯದವರು, ಬೇಡ ಅನ್ನಿಸಿದವರು ಬರೀ ಎದೆ ಒತ್ತಿದರೂ ಸಾಕು. ಆದರೆ ನೀರಿನಲ್ಲಿ ಮುಳುಗಿದವರಿಗೆ ಮತ್ತು ಮಕ್ಕಳಿಗೆ ಉಸಿರೂ ಬೇಕು. ಅವರಲ್ಲಿ ಮೊದಲು ನಿಂತದ್ದು ಸಾಮಾನ್ಯವಾಗಿ ಉಸಿರು, ಹೃದಯ ಆಮೇಲೆ. ಕೀಟನಾಶಕ ಕುಡಿದವರಿಗೆ ಮಾತ್ರ ಬಾಯಿಗೆ ಬಾಯಿ ಇಡಬೇಡಿ, ವಿಷ ನಿಮಗೂ ತಗಲುತ್ತದೆ. ಎದೆ ಮಾತ್ರ ಒತ್ತಿ.

ನಾಚಿಕೆಯ ಮಾತು

ಈಗ ಸ್ವಲ್ಪ ಮುಜುಗರದ ವಿಷಯ. ಆದರೆ ಹೇಳಲೇಬೇಕು. ಸಾರ್ವಜನಿಕ ಸ್ಥಳದಲ್ಲಿ ಬಿದ್ದ ಗಂಡಸಿಗೆ ಸಿಗುವಷ್ಟು ಬೇಗ, ಬಿದ್ದ ಹೆಂಗಸಿಗೆ ಎದೆ ಒತ್ತುವ ಸಹಾಯ ಸಿಗುವುದಿಲ್ಲ. ಹೊರದೇಶಗಳಲ್ಲಿ ನಡೆದ ಅಧ್ಯಯನಗಳೂ ಇದನ್ನೇ ಹೇಳಿವೆ. ಮುಟ್ಟಿದರೆ ಯಾರು ಏನು ಅಂದುಕೊಳ್ಳುತ್ತಾರೋ ಎಂಬ ಭಯ. ಅಂದು ಅಂಗನವಾಡಿ ಬಾಗಿಲಲ್ಲಿ ನಿಂತ ಗಂಡಸರು ಕೆಟ್ಟವರಾಗಿರಲಿಲ್ಲ. ಗಾಡಿಗಾಗಿ ಮಳೆಯಲ್ಲಿ ಓಡಿದವರು ಅವರೇ. ಆದರೆ ಹೆಂಗಸಿನ ಎದೆ ಮೇಲೆ ಕೈ ಇಡಲು ಅವರಿಗೆ ಆಗಲಿಲ್ಲ. ನಮಗೆ ಗೊತ್ತಿರಲಿಲ್ಲ. ಅವರಿಗೆ ನಾಚಿಕೆ, ನಮಗೆ ಅಜ್ಞಾನ, ನಡುವೆ ಒಂದು ಜೀವ.

ಹಾಗೆಯೇ ಮಾವ ಬಿದ್ದರೆ ಸೊಸೆ ಮುಟ್ಟಲು ಹಿಂಜರಿಯುತ್ತಾಳೆ. ಪಕ್ಕದ ಮನೆಯ ಗಂಡಸು ಬಿದ್ದರೆ ನಾವು ದೂರ ನಿಲ್ಲುತ್ತೇವೆ. ಜಾತಿಯ ಮಾತೂ ಅಲ್ಲಲ್ಲಿ ಅಡ್ಡ ಬರುತ್ತದೆ. ಸಹೋದರಿಯರೇ, ಉಸಿರು ನಿಂತ ದೇಹಕ್ಕೆ ಗಂಡು ಹೆಣ್ಣು, ಮೇಲು ಕೀಳು ಯಾವುದೂ ಇಲ್ಲ. ಹೆರಿಗೆ ಮಾಡಿಸುವ ಸೂಲಗಿತ್ತಿಯ ಕೈಗೆ ನಾಚಿಕೆ ಇತ್ತೇ?

ಹೆಂಗಸರು ಬಿದ್ದಾಗ ರವಿಕೆ ಬಿಚ್ಚುವ ಅಗತ್ಯ ಇಲ್ಲ. ತೆಳು ಬಟ್ಟೆಯ ಮೇಲೆಯೇ ಒತ್ತಬಹುದು. ಸ್ವೆಟರಿನಂಥ ದಪ್ಪ ಬಟ್ಟೆ, ತಾಳಿ ಸರ ಕೈಗೆ ಅಡ್ಡವಾದರೆ ಪಕ್ಕಕ್ಕೆ ಸರಿಸಿ. ಇಬ್ಬರು ಒಂದು ಸೀರೆ ಅಥವಾ ಬೆಡ್‌ಶೀಟ್ ಹಿಡಿದು ಮರೆ ಮಾಡಿ. ಆಗ ಗಂಡಸರಿಗೂ ಬಂದು ಕೈ ಜೋಡಿಸಲು ಧೈರ್ಯ ಬರುತ್ತದೆ. "ಬನ್ನಿ ಅಣ್ಣಾ, ಇಲ್ಲಿ ಒತ್ತಿ" ಎಂದು ನಾವೇ ಕರೆಯಬೇಕು.

ಇನ್ನೊಂದು ಮಾತು. ನಾವು ಹೆಂಗಸರು ನಮ್ಮ ಎದೆ ನೋವನ್ನು ಹೇಳುವುದೇ ಇಲ್ಲ. ಎದೆ ಬಿಗಿತದ ಜೊತೆಗೆ ಅಥವಾ ಅದಿಲ್ಲದೆಯೂ ವಿಪರೀತ ಸುಸ್ತು, ಬೆವರು, ಉಸಿರಾಟಕ್ಕೆ ಕಷ್ಟ, ವಾಕರಿಕೆ, ಬೆನ್ನು, ದವಡೆ, ತೋಳು ನೋವು ಬರಬಹುದು. "ಗ್ಯಾಸು" ಎಂದು ಸೋಡಾ ಕುಡಿದು ಮಲಗಬೇಡಿ. ಹೃದಯದ ತೊಂದರೆ ವಯಸ್ಸಾದವರಿಗೆ ಮಾತ್ರ ಎಂದೂ ತಿಳಿಯಬೇಡಿ. ನಟ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು ತೀರಿಕೊಂಡಾಗ ಅವರಿಗೆ 46 ವರ್ಷ. ಆಗ ಎಷ್ಟೋ ಜನ ಆಸ್ಪತ್ರೆಗೆ ಹೋಗಿ ಎದೆ ತೋರಿಸಿಕೊಂಡರು, ಒಳ್ಳೆಯದೇ. ಆದರೆ ಎದೆ ಒತ್ತಲು ಕಲಿತವರು ನಮ್ಮ ಹಳ್ಳಿಗಳಲ್ಲಿ ಇನ್ನೂ ಕಡಿಮೆ.

ಮಕ್ಕಳಿಗೆ ಹೇಗೆ?

ಒಂದು ವರ್ಷ ದಾಟಿದ ಮಕ್ಕಳಿಗೆ ಒಂದು ಕೈ, ಮಗು ದೊಡ್ಡದಿದ್ದರೆ ಎರಡು ಕೈಯಿಂದ ಸುಮಾರು 5 ಸೆಂಟಿಮೀಟರ್ ಒತ್ತಬೇಕು. ವರ್ಷದೊಳಗಿನ ಕೂಸಿಗೆ ಎರಡೂ ಕೈಯಿಂದ ಎದೆ ಬಳಸಿ ಹಿಡಿದು ಎರಡು ಹೆಬ್ಬೆರಳಿನಿಂದ, ಅಥವಾ ಒಂದೇ ಅಂಗೈಯ ಹಿಮ್ಮಡಿಯಿಂದ ಸುಮಾರು 4 ಸೆಂಟಿಮೀಟರ್ ಒತ್ತಬೇಕು. ವೇಗ ದೊಡ್ಡವರದ್ದೇ.

ಗಂಟಲಲ್ಲಿ ಸಿಕ್ಕಿಕೊಂಡರೆ

ಕಡಲೆಬೀಜ, ಹಲಸಿನ ಬೀಜ, ನಾಣ್ಯ, ಮಾಂಸದ ತುಂಡು ಗಂಟಲಲ್ಲಿ ಸಿಕ್ಕಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಮಾತು, ಅಳು, ಕೆಮ್ಮು ಯಾವುದೂ ಹೊರಡದೆ ಕುತ್ತಿಗೆ ಹಿಡಿದುಕೊಂಡರೆ ಮುಂದಕ್ಕೆ ಬಾಗಿಸಿ, ಎರಡು ಹೆಗಲ ಮೂಳೆಗಳ ನಡುವೆ ಅಂಗೈಯ ಹಿಮ್ಮಡಿಯಿಂದ 5 ಸಲ ಬಲವಾಗಿ ಗುದ್ದಿ. ಹೋಗದಿದ್ದರೆ ಹಿಂದಿನಿಂದ ತಬ್ಬಿ, ಮುಷ್ಟಿಯನ್ನು ಹೊಕ್ಕುಳಿನ ಸ್ವಲ್ಪ ಮೇಲಿಟ್ಟು ಒಳಕ್ಕೂ ಮೇಲಕ್ಕೂ 5 ಸಲ ಎಳೆಯಿರಿ. ಹೊರಬರುವ ತನಕ ಎರಡನ್ನೂ ಒಂದಾದ ಮೇಲೊಂದು ಮಾಡಿ. ತುಂಬು ಗರ್ಭಿಣಿಗೆ ಹೊಟ್ಟೆಯ ಬದಲು ಎದೆಯ ನಡುವೆ ಎಳೆಯಬೇಕು.

ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತಲೇಬಾರದು. ತಲೆ ಕೆಳಗಿರುವಂತೆ ನಿಮ್ಮ ಮುಂಗೈ ಮೇಲೆ ಕವುಚಿ ಮಲಗಿಸಿ ಬೆನ್ನಿಗೆ 5 ಪೆಟ್ಟು, ಮತ್ತೆ ಅಂಗಾತ ತಿರುಗಿಸಿ ಎದೆಯ ನಡುವೆ ಅಂಗೈಯ ಹಿಮ್ಮಡಿಯಿಂದ 5 ಒತ್ತು. ಕಣ್ಣಿಗೆ ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಬೇಡಿ, ಇನ್ನೂ ಒಳಗೆ ಹೋಗುತ್ತದೆ. ಎಚ್ಚರ ತಪ್ಪಿದರೆ ಎದೆ ಒತ್ತಲು ಆರಂಭಿಸಿ. ಕಳೆದ ವರ್ಷ ನಮ್ಮ ಒಂದು ಸಂಘದ ಅಜ್ಜಿ, ಮೊಮ್ಮಗಳ ಗಂಟಲಲ್ಲಿ ಸಿಕ್ಕಿದ್ದ ಹಲಸಿನ ಬೀಜವನ್ನು ಮೂರನೇ ಗುದ್ದಿಗೆ ಹೊರಹಾಕಿಸಿದರು. "ಸಭೇಲಿ ಕಲ್ತಿದ್ದು ಸಿಸ್ಟರ್" ಎಂದು ಹೇಳುವಾಗ ಅವರ ಕೈ ಇನ್ನೂ ನಡುಗುತ್ತಿತ್ತು.

ನೀರು ಮತ್ತು ಕರೆಂಟು

ಕೆರೆ, ಕೃಷಿ ಹೊಂಡಗಳಲ್ಲಿ ಮಕ್ಕಳು ಮುಳುಗಿದಾಗ ಈಜು ಬರದವರು ಹಾರಬೇಡಿ. ಹಗ್ಗ, ಗಂಟು ಹಾಕಿದ ಸೀರೆ, ಉದ್ದದ ಗಳ, ಮುಚ್ಚಳ ಬಿಗಿದ ಖಾಲಿ ಕ್ಯಾನ್ ಎಸೆಯಿರಿ. ಮೇಲೆ ತಂದ ಮೇಲೆ ಮಗುವನ್ನು ತಲೆಕೆಳಗಾಗಿ ತೂಗಾಡಿಸುವುದು, ಹೆಗಲ ಮೇಲೆ ಹೊತ್ತು ಓಡುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ನಮ್ಮಲ್ಲಿ ರೂಢಿ. ಇದರಿಂದ ಅಮೂಲ್ಯ ಸಮಯ ಹೋಗುತ್ತದೆ, ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗುತ್ತದೆ. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ಬಾಯಿಯಿಂದ ಮೊದಲು ಉಸಿರು ಕೊಟ್ಟು, ನಂತರ ಎದೆ ಒತ್ತಲು ಶುರು ಮಾಡಿ. ಚೇತರಿಸಿಕೊಂಡರೂ ಆಸ್ಪತ್ರೆಗೆ ತೋರಿಸಲೇಬೇಕು.

ಕರೆಂಟ್ ಹೊಡೆದವರನ್ನು ಮೇನ್ ಸ್ವಿಚ್ ಆರಿಸದೆ ಮುಟ್ಟಬೇಡಿ. ಲೈನಿನ ತಂತಿ ಕಡಿದು ಬಿದ್ದಿದ್ದರೆ ಹತ್ತಿರವೇ ಹೋಗಬೇಡಿ. ವಿದ್ಯುತ್ ಕಚೇರಿಗೆ ತಿಳಿಸಿ, ಲೈನ್ ಆಫ್ ಆದ ಮೇಲೆಯೇ ಹೋಗಿ.

ಮಾಡಬಾರದ್ದು

* ಎಚ್ಚರ ಇಲ್ಲದವರ ಬಾಯಿಗೆ ನೀರು, ಕಾಫಿ, ಮಾತ್ರೆ ಹಾಕಬೇಡಿ. ಕೊನೆಗಾಲ ಎಂದು ಬಾಯಿಗೆ ನೀರು ಬಿಡುವ ಪದ್ಧತಿ ಇದೆ. ಇನ್ನೂ ಉಳಿಯಬಹುದಾದ ಜೀವಕ್ಕೆ ಅದೇ ಉಸಿರು ಕಟ್ಟಿಸಬಹುದು.
* ಕುಳ್ಳಿರಿಸಬೇಡಿ, ಎಳೆದಾಡಬೇಡಿ, ಗಾಳಿ ಬಾರದಂತೆ ಮುತ್ತಬೇಡಿ.
* ವಾಹನ ಹುಡುಕುವ ಗಡಿಬಿಡಿಯಲ್ಲಿ ಎದೆ ಒತ್ತುವುದನ್ನು ಮರೆಯಬೇಡಿ.
* ಪಕ್ಕೆಲುಬು ಮುರಿದರೆ ಎಂದು ಹೆದರಬೇಡಿ. ಮುರಿಯಬಹುದು. ಮುರಿದ ಎಲುಬು ಕೂಡುತ್ತದೆ, ಹೋದ ಪ್ರಾಣ ಬರುವುದಿಲ್ಲ.

ಕೇಸು ಬಿದ್ದರೆ?

ಎಲ್ಲ ಸಂಘಗಳಲ್ಲೂ ಕೇಳುವ ಪ್ರಶ್ನೆ ಇದು. ದಾರಿಯಲ್ಲಿ ಬಿದ್ದಿದ್ದ ಅಪರಿಚಿತನನ್ನು ಉಪಚರಿಸಿದ ಒಳ್ಳೆಯ ಸಮಾರಿಯದವನ ಕಥೆ ನಮ್ಮಲ್ಲಿ ಹಲವರಿಗೆ ಗೊತ್ತು. ಸಹಾಯ ಮಾಡುವವರನ್ನು ಕಾಪಾಡುವ ಕಾನೂನಿಗೂ ಅದೇ ಹೆಸರು ಬಂದಿದೆ. 2016ರಲ್ಲಿ ಸುಪ್ರೀಂ ಕೋರ್ಟ್ ಈ ಬಗ್ಗೆ ಆದೇಶ ನೀಡಿತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಂ ಪ್ರಕಾರ, ಅಪಘಾತದಲ್ಲಿ ಗಾಯಗೊಂಡವರಿಗೆ ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ, ಏನಾದರೂ ಹೆಚ್ಚುಕಡಿಮೆ ಆಯಿತೆಂದು ಕೇಸು ಹಾಕುವಂತಿಲ್ಲ. ಕರ್ನಾಟಕದಲ್ಲೂ ಇದಕ್ಕೆಂದೇ 2016ರ ಕಾಯ್ದೆಯೊಂದಿದೆ. ಆದ್ದರಿಂದ ಭಯ ಬೇಡ.

ಉಳಿಯದಿದ್ದರೆ?

ಒಂದು ಸತ್ಯವನ್ನು ಮುಚ್ಚಿಡಬಾರದು. ಸಿನಿಮಾದಲ್ಲಿ ತೋರಿಸುವ ಹಾಗೆ ನಾಲ್ಕು ಸಲ ಒತ್ತಿದ ಕೂಡಲೇ ಎದ್ದು ಕೂರುವುದಿಲ್ಲ. ಸರಿಯಾಗಿ ಒತ್ತಿದರೂ ಹೆಚ್ಚಿನವರು ಉಳಿಯುವುದಿಲ್ಲ. ಕೆಲವರು ಉಳಿಯುತ್ತಾರೆ. ಆ ಕೆಲವರಲ್ಲಿ ಯಾರು ಎಂದು ಮೊದಲೇ ಗೊತ್ತಾಗುವುದಿಲ್ಲವಾದ್ದರಿಂದ ಎಲ್ಲರಿಗೂ ಒತ್ತಬೇಕು.

2019ರಲ್ಲಿ ನಮ್ಮ ಒಂದು ಸಂಘದ ಸದಸ್ಯೆಯ ಗಂಡ ಕೊಟ್ಟಿಗೆಯಲ್ಲಿ ಬಿದ್ದರು. ಪಕ್ಕದ ಮನೆಯ ಮೂವರು ಸದಸ್ಯೆಯರು ಸರದಿಯಂತೆ ಆಂಬ್ಯುಲೆನ್ಸ್ ಬರುವ ತನಕ ಒತ್ತಿದರು. ಆ ಗಂಡಸು ಉಳಿಯಲಿಲ್ಲ. ಮೂವರಿಗೂ ತುಂಬಾ ದುಃಖವಾಯಿತು. ತಾವೇ ಏನೋ ತಪ್ಪು ಮಾಡಿದೆವು ಎಂದು ಅತ್ತರು. ಹದಿನೈದು ದಿನ ಕಳೆದು ಆ ಹೆಂಡತಿ ಸಭೆಗೆ ಬಂದಾಗ ಹೇಳಿದ ಮಾತು ನಮಗೆ ನೆನಪಿದೆ: "ಅವರಿಗಾಗಿ ಏನೂ ಮಾಡ್ಲಿಲ್ಲ ಅನ್ನೋ ಕೊರಗು ನನಗಿಲ್ಲ ಅಕ್ಕಾ. ನೀವು ಕೊನೇ ತನಕ ಕೈ ಬಿಡ್ಲಿಲ್ಲ."

2013ರ ಆ ಸಂಜೆಯ ಮನೆಯವರಿಗೆ ಈ ಸಮಾಧಾನ ಕೊಡಲು ನಮ್ಮಿಂದ ಆಗಲಿಲ್ಲ. ಒತ್ತಿದ ಮೇಲೂ ಜೀವ ಹೋದರೆ ಒತ್ತಿದವರ ಜೊತೆ ಕುಳಿತು ಮಾತನಾಡಿ. ಅವರನ್ನು ದೂರಬೇಡಿ. ಅದೂ ಸಂಘದ ಕೆಲಸವೇ.

ಸಭೆಯಲ್ಲಿ ಮಾಡಿ ನೋಡಿ

ಬಟ್ಟೆ ಬಿಗಿಯಾಗಿ ತುಂಬಿದ ಗೋಣಿಚೀಲವನ್ನು ನೆಲದ ಮೇಲೆ ಇಡಿ. ನಡುವೆ ಸೀಮೆಸುಣ್ಣದ ಗುರುತು ಹಾಕಿ. ಒಬ್ಬರು ಗಡಿಯಾರ ಹಿಡಿಯಲಿ, ಉಳಿದವರು ಸರದಿಯಂತೆ ಎರಡೆರಡು ನಿಮಿಷ ಒತ್ತಲಿ. ಬದುಕಿರುವ, ಉಸಿರಾಡುವ ಮನುಷ್ಯರ ಮೇಲೆ ಎಂದೂ ಅಭ್ಯಾಸ ಮಾಡಬಾರದು. ಓದಿದ್ದು ಮರೆತುಹೋಗುತ್ತದೆ, ಕೈಗೆ ಕಲಿಸಿದ್ದು ನಿಲ್ಲುತ್ತದೆ. ಆರು ತಿಂಗಳಿಗೊಮ್ಮೆ ಮತ್ತೆ ಮಾಡಿ. ಸಾಧ್ಯವಾದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೋ ನರ್ಸನ್ನೋ ಕರೆಸಿ, ಗೊಂಬೆಯ ಮೇಲೆ ತರಬೇತಿ ಪಡೆಯಿರಿ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಊರಿನಲ್ಲಿ ಹೀಗೆ ಯಾರಾದರೂ ಕುಸಿದು ಬಿದ್ದದ್ದು ಉಂಟೇ? ಆಗ ನಾವು ಏನು ಮಾಡಿದೆವು?
2. ನಮ್ಮ ಬೀದಿಗೆ ಆಂಬ್ಯುಲೆನ್ಸ್ ಬರಲು ಎಷ್ಟು ಹೊತ್ತು ಬೇಕು? ಯಾವ ಗುರುತು ಹೇಳಬೇಕು? ರಸ್ತೆಯಲ್ಲಿ ನಿಂತು ದಾರಿ ತೋರಿಸುವವರು ಯಾರು?
3. ಹೆಂಗಸು ಬಿದ್ದರೆ ನಮ್ಮ ಊರಿನ ಗಂಡಸರು ಮುಂದೆ ಬರುತ್ತಾರೆಯೇ? ಗಂಡಸು ಬಿದ್ದರೆ ನಾವು ಮುಂದೆ ಹೋಗುತ್ತೇವೆಯೇ? ಅಡ್ಡಿ ಏನು?
4. ಹೊಂಡ, ಬಾವಿಗಳಿಗೆ ಬೇಲಿ ಇದೆಯೇ? ಇಲ್ಲದಿದ್ದರೆ ಪಂಚಾಯ್ತಿಗೆ ಅರ್ಜಿ ಕೊಡುವವರು ಯಾರು?

ಚರ್ಚೆಯ ನಂತರ ನಿಮ್ಮ ತೀರ್ಮಾನವನ್ನು ನಡವಳಿ ಪುಸ್ತಕದಲ್ಲಿ ಬರೆಯಿರಿ. ಒಂದೊಂದು ಸಂಘದಲ್ಲಿ ಕನಿಷ್ಠ ಐದು ಜನ ಎದೆ ಒತ್ತಲು ಕಲಿತಿರಲಿ. ಮನೆಗೆ ಹೋಗಿ ಗಂಡನಿಗೆ, ಹೈಸ್ಕೂಲಿಗೆ ಹೋಗುವ ಮಕ್ಕಳಿಗೂ ಕಲಿಸಿ. ಏಕೆಂದರೆ, ಸಹೋದರಿಯರೇ, ನಾಳೆ ಬೀಳುವವರು ನಾವೇ ಆಗಿರಬಹುದು. ಆಗ ನಮ್ಮ ಪಕ್ಕದಲ್ಲಿ ಕಲಿತ ಎರಡು ಕೈ ಇರಬೇಕಾದರೆ, ಇಂದೇ ಕಲಿಸಿರಬೇಕು.

ಮುಂದಿನ ಸಭೆಯಲ್ಲಿ ಗೋಣಿಚೀಲದ ಮುಂದೆ ಭೇಟಿಯಾಗೋಣ.